ಒಂದು ಸಂಜೆಯ ಪ್ರತಿನಾಯಕ

ಪತ್ತೇದಾರಿ ಕಥೆಯೆಂದರೆ ಕೊಲೆಗಾರನನ್ನು ಕಡೆಯ ಪುಟದವರೆಗೂ ಓದುಗನ ಕಣ್ಣಿಗೆ ಮರೆಮಾಡಿ, ಬಳಿಕ ಥಟ್ಟನೆ ತೆರೆ ಸರಿಸಿ ತೋರಿಸುವ ಕೌಶಲವೆಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಈ ಬಗೆಯ ಕಥೆಯಲ್ಲಿ ಅಪರಾಧಿಯ ಅಂತರಂಗವನ್ನು ತೆರೆದು ತೋರುವ ಅವಕಾಶ ಕಥೆಗಾರನಿಗಿಲ್ಲ. ತೋರಿದನೋ, ಗುಟ್ಟು ರಟ್ಟಾಗುತ್ತದೆ. ಆದುದರಿಂದ ಅಂಥ ಪಾತ್ರವನ್ನು ವಹಿಸುವ ನಟನಿಗೆ ಕಥೆಯುದ್ದಕ್ಕೂ ದೊರೆಯುವುದು ಒಂದು ಮುಖವಾಡ ಮಾತ್ರ. ಮುಖ ದೊರೆಯುವ ವೇಳೆಗೆ ಕಥೆ ಮುಗಿದಿರುತ್ತದೆ. ಅಮೆರಿಕೆಯ ದೂರದರ್ಶನದಲ್ಲಿ ಅರ್ಧ ಶತಮಾನಕ್ಕೂ ಹಿಂದೆ ಮೊದಲಾದ ‘ಕೊಲಂಬೋ’ ಎಂಬ ಮಾಲಿಕೆ ಈ ಕ್ರಮವನ್ನು ತಲೆಕೆಳಗು ಮಾಡಿದುದರಿಂದಲೇ ಅದರಲ್ಲಿ ಅತಿಥಿಗಳಾಗಿ ಬಂದ ನಟರಿಗೆ ಬೇರೆಲ್ಲಿಯೂ ಲಭಿಸದಿದ್ದ ಒಂದು ಕ್ಷೇತ್ರ ಲಭಿಸಿತು. ಆ ಅತಿಥಿಗಳ ನಡುವೆ, 1973ರ ಅಕ್ಟೋಬರಿನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಮಾತ್ರ ಕಾಣಿಸಿಕೊಂಡ ಡೊನಾಲ್ಡ್ ಪ್ಲೆಸೆನ್ಸ್ ಎಂಬ ಆಂಗ್ಲ ನಟರ ಅಭಿನಯವು, ಅವರ ಅತ್ಯುತ್ತಮ ರಂಗಪಾತ್ರದ ಪಕ್ಕದಲ್ಲಿ ಸಮಾನ ಪೀಠದಲ್ಲಿ ಕೂರಿಸಿ ಗೌರವಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಅತಿಥಿ ಪಾತ್ರವನ್ನು ಕಿರಿಯ ಕಲೆಯೆಂದು ಬಗೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿರುವುದರಿಂದ ಈ ಅಭಿಪ್ರಾಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ.

ಕೊಲೆಯನ್ನೂ ಕೊಲೆಗಾರನನ್ನೂ ಮೊದಲೇ ತೋರಿಸಿ, ಅವನು ಹೇಗೆ ಸಿಕ್ಕಿಬೀಳುತ್ತಾನೆಂಬುದನ್ನು ಮಾತ್ರ ಕುತೂಹಲದ ವಸ್ತುವನ್ನಾಗಿ ಉಳಿಸಿಕೊಳ್ಳುವ ಕಥನಕ್ರಮ ಹೊಸದೇನೂ ಅಲ್ಲ. ಆರ್. ಆಸ್ಟಿನ್ ಫ್ರೀಮನ್ ಎಂಬ ಆಂಗ್ಲ ಲೇಖಕರು 1912ರಲ್ಲಿ ಪ್ರಕಟಿಸಿದ ‘ದಿ ಸಿಂಗಿಂಗ್ ಬೋನ್’ ಎಂಬ ಕಥಾಸಂಗ್ರಹದಲ್ಲಿ ಈ ಕ್ರಮವನ್ನು ಪ್ರಯೋಗಿಸಿದ್ದರು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಜೋಡಿ ಲೇಖಕರು ಅದನ್ನು ದೂರದರ್ಶನಕ್ಕೆ ಅಳವಡಿಸಿದರು. ದಾಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿಯಲ್ಲಿ ಅಪರಾಧಿಯನ್ನು ಸೌಜನ್ಯದಿಂದಲೇ ಕಾಡುವ ಪೊರ್ಫೀರಿ ಪೆತ್ರೋವಿಚ್ ಎಂಬ ಅಧಿಕಾರಿಯಿಂದ ತಮ್ಮ ಪತ್ತೇದಾರನಿಗೆ ಪ್ರೇರಣೆ ಬಂದಿತೆಂದು ಅವರೇ ಒಪ್ಪಿಕೊಂಡಿದ್ದಾರೆ. 1960ರಲ್ಲಿ ಒಂದು ದೂರದರ್ಶನ ನಾಟಕದಲ್ಲಿಯೂ, 1962ರಲ್ಲಿ ರಂಗಭೂಮಿಯ ಮೇಲೂ ಬೇರೆ ಬೇರೆ ನಟರ ದೇಹದಲ್ಲಿ ಸಂಚರಿಸಿದ ಈ ಪಾತ್ರ, 1968ರಲ್ಲಿ ಪೀಟರ್ ಫಾಕ್ ಅವರನ್ನು ಸೇರಿದ ಮೇಲೆ ಮತ್ತೊಬ್ಬರನ್ನು ಬಯಸಲಿಲ್ಲ. ಮುದುಡಿದ ಮಳೆಯಂಗಿ, ಆರಿಹೋದ ಚುಟ್ಟಾ, ಹಳೆಯದೊಂದು ಪ್ಯೂಜೋ ಕಾರು, ಎಂದೂ ತೆರೆಯ ಮೇಲೆ ಕಾಣಿಸದೆ ಮಾತಿನಲ್ಲಿ ಮಾತ್ರ ಬಂದುಹೋಗುವ ಹೆಂಡತಿ, ಬಾಗಿಲವರೆಗೂ ಹೋಗಿ ಮರಳಿ ಬಂದು ಕೇಳುವ ಇನ್ನೊಂದೇ ಒಂದು ಪ್ರಶ್ನೆ, ಇವಿಷ್ಟೇ ಈ ಲೆಫ್ಟಿನೆಂಟ್ ಕೊಲಂಬೋವಿನ ಆಯುಧಗಳು. 1971ರಲ್ಲಿ ಮಾಲಿಕೆಯಾಗಿ ನೆಲೆನಿಂತ ಈ ಕಥೆಗಳ ಮೊದಲ ಕಂತನ್ನು, ಆಗಿನ್ನೂ ಇಪ್ಪತ್ತೈದು ತುಂಬದ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದರು.

ಪತ್ತೇದಾರನು ಪ್ರತಿ ಕಂತಿನಲ್ಲಿಯೂ ಅವನೇ. ಅವನ ಮನೆಯನ್ನಾಗಲಿ ಮನಸ್ಸನ್ನಾಗಲಿ ನಮಗೆ ಹೆಚ್ಚಾಗಿ ತೋರಿಸುವುದಿಲ್ಲ. ಕಂತು ತೆರೆದೊಡನೆ ನಮಗೆ ಕಾಣುವವನು ಕೊಲೆಗಾರ; ಬಹಳ ಹೊತ್ತಿನವರೆಗೆ ಕೊಲಂಬೋ ರಂಗಕ್ಕೆ ಬರುವುದೇ ಇಲ್ಲ. ಕೊಲೆಗಾರನ ಮನೆ, ಮರ್ಯಾದೆ, ವೃತ್ತಿ, ಭಯ, ಅಸೂಯೆ, ಅವನನ್ನು ಕೊಲೆಯವರೆಗೆ ತಳ್ಳಿದ ಒತ್ತಡ, ಇವೆಲ್ಲವನ್ನೂ ಅತಿಥಿ ನಟನೊಬ್ಬನೇ ತನ್ನ ಹೆಗಲ ಮೇಲೆ ಹೊತ್ತು ತರಬೇಕು. ಕಳೆದ ವಾರದ ಪರಿಚಯದ ಬಲ ಅವನಿಗಿಲ್ಲ; ಬರುವ ವಾರ ತಿದ್ದಿಕೊಳ್ಳುವೆನೆಂಬ ಭರವಸೆಯೂ ಇಲ್ಲ. ಸುಮಾರು ಒಂದೂವರೆ ಗಂಟೆಯಲ್ಲಿ ಒಂದು ಜನ್ಮವನ್ನು ಬದುಕಿ ಮುಗಿಸಬೇಕು. ಜಾನ್ ಕಸಾವೆಟಿಸ್, ಜಾನೆಟ್ ಲೀ, ರೂತ್ ಗಾರ್ಡನ್, ಗಾಯಕ ಜಾನಿ ಕ್ಯಾಶ್, ಇಂಥವರು ಬೇರೆ ಬೇರೆ ಕ್ಷೇತ್ರಗಳಲ್ಲಿ ಹೆಸರಾಂತು ಬಂದವರಾಗಿದ್ದರೂ ಈ ಪರೀಕ್ಷೆಗೆ ತಲೆಯೊಡ್ಡಿದರು. ಪ್ಯಾಟ್ರಿಕ್ ಮೆಗೂಹನ್ ಅವರಂತೂ ನಾಲ್ಕು ಸಲ ಕೊಲೆಗಾರರಾಗಿ ಬಂದು, ಅವುಗಳಲ್ಲಿ ಎರಡು ಪಾತ್ರಗಳಿಗೆ ಎಮ್ಮಿ ಪ್ರಶಸ್ತಿಯನ್ನು ಪಡೆದರು. ಸೈನಿಕ ಶಾಲೆಯ ಕಠೋರ ಮುಖ್ಯಸ್ಥನಾಗಿ 1974ರಲ್ಲಿ ಅವರು ತೋರಿದ ಬಿಗಿ ಮರೆಯುವಂಥದಲ್ಲ. ಹೀಗಿದ್ದೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಪ್ಲೆಸೆನ್ಸ್ ಅವರ ಏಡ್ರಿಯನ್ ಕಾರ್ಸಿನಿಯ ಎದುರಿಗೆ.

ಪ್ಲೆಸೆನ್ಸ್ 1919ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂಶೈರ್ ಪ್ರಾಂತದ ವರ್ಕ್‌ಸಾಪ್ ಎಂಬ ಊರಿನಲ್ಲಿ, ರೈಲು ನಿಲ್ದಾಣದ ಅಧಿಕಾರಿಯೊಬ್ಬರ ಮಗನಾಗಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಹಿಂಸೆಯನ್ನು ಒಪ್ಪದೆ ಸೈನ್ಯಕ್ಕೆ ಸೇರಲು ನಿರಾಕರಿಸಿದ ಅವರು ಆಮೇಲೆ ಮನಸ್ಸು ಬದಲಿಸಿ ವಾಯುಸೇನೆಯನ್ನು ಸೇರಿದರು. ಲ್ಯಾಂಕಾಸ್ಟರ್ ಬಾಂಬರು ವಿಮಾನದಲ್ಲಿ ನಿಸ್ತಂತು ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ, 1944ರಲ್ಲಿ ಆ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಯುದ್ಧ ಮುಗಿಯುವವರೆಗೂ ಅವರು ಜರ್ಮನಿಯಲ್ಲಿ ಸೆರೆಯಾಳಾಗಿದ್ದರು. 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದಲ್ಲಿ, ಕಣ್ಣು ಕಾಣದಾಗುತ್ತ ಬಂದರೂ ಸಹಬಂದಿಗಳಿಗಾಗಿ ಸುಳ್ಳು ಕಾಗದಪತ್ರಗಳನ್ನು ತಯಾರಿಸುವ ಸೌಮ್ಯ ಬಂದಿಯನ್ನು ಅಭಿನಯಿಸಿದಾಗ ಆ ಪಾತ್ರದ ಹಿಂದೆ ಸ್ವಾನುಭವದ ಭಾರವಿತ್ತು. ಅದಕ್ಕೂ ಮೊದಲೇ, 1960ರಲ್ಲಿ, ಹೆರಾಲ್ಡ್ ಪಿಂಟರರ ‘ದಿ ಕೇರ್‌ಟೇಕರ್’ ನಾಟಕದ ಅಲೆಮಾರಿ ಡೇವಿಸನಾಗಿ ಅವರು ಆಧುನಿಕ ರಂಗಭೂಮಿಯ ಚರಿತ್ರೆಯಲ್ಲಿ ಸ್ಥಾನ ಪಡೆದಿದ್ದರು. ಜನಸಾಮಾನ್ಯರ ನೆನಪಿನಲ್ಲಿ ಉಳಿದುದು ಮಾತ್ರ 1967ರ ಜೇಮ್ಸ್ ಬಾಂಡ್ ಚಿತ್ರವೊಂದರಲ್ಲಿ ಬೆಕ್ಕನ್ನು ನೇವರಿಸುತ್ತ ಕುಳಿತ ಖಳ ಬ್ಲೋಫೆಲ್ಡ್. ಬೋಳುತಲೆ, ರೆಪ್ಪೆ ಮಿಟುಕಿಸದಂತೆ ತೋರುವ ತಿಳಿಗಣ್ಣು, ಕಿವಿಯ ಬಳಿ ಬಂದು ಪಿಸುಗುಟ್ಟುವಂಥ ಮೆತ್ತನೆಯ ಕಂಠ, ಇವುಗಳಿಂದಾಗಿ ಚಿತ್ರರಂಗವು ಅವರನ್ನು ಭೀತಿಯ ಕೆಲಸಕ್ಕೆಂದೇ ಮೀಸಲಿಟ್ಟಿತು. ಅದೇ ದೇಹಸಂಪತ್ತನ್ನು ಕರುಣೆಯ ಕೆಲಸಕ್ಕೆ ಬಳಸಿಕೊಂಡುದು ಈ ಪತ್ತೇದಾರಿ ಮಾಲಿಕೆಯ ಹಿರಿಮೆ.

‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ ಎಂಬುದು ಆ ಕಂತಿನ ಹೆಸರು. ನಿರ್ದೇಶಕರು ಲಿಯೋ ಪೆನ್. ಏಡ್ರಿಯನ್ ಕಾರ್ಸಿನಿ ಕ್ಯಾಲಿಫೋರ್ನಿಯದಲ್ಲಿ ವೈನ್ ತಯಾರಿಕೆಯ ಸಂಸ್ಥೆಯೊಂದನ್ನು ನಡೆಸುವ ಅವಿವಾಹಿತ. ಅವನ ಪಾಲಿಗೆ ವೈನ್ ವ್ಯಾಪಾರದ ಸರಕಲ್ಲ, ಆರಾಧನೆಯ ವಸ್ತು. ಲಾಭದ ಕಡೆ ಅವನ ಲಕ್ಷ್ಯವಿಲ್ಲ. ನೆಲಮಾಳಿಗೆಯಲ್ಲಿ ಹದವಾದ ತಂಪಿನಲ್ಲಿ ಮಲಗಿಸಿಟ್ಟ ಅಪೂರ್ವ ಸೀಸೆಗಳೇ ಅವನ ಬಂಧುಬಳಗ. ಆದರೆ ಸಂಸ್ಥೆಯ ಒಡೆತನ ಅವನದಲ್ಲ, ಮಲತಮ್ಮನದು. ಈಜು, ಮೋಟಾರು, ಮದುವೆ ಮೊದಲಾದ ಸಂಭ್ರಮಗಳಲ್ಲಿ ಹಣವನ್ನು ನೀರಿನಂತೆ ಚೆಲ್ಲುವ ಆ ತರುಣನು, ಅಗ್ಗದ ವೈನನ್ನು ಪೀಪಾಯಿಗಟ್ಟಲೆ ಮಾರುವ ದೊಡ್ಡ ವ್ಯಾಪಾರಿಗಳಿಗೆ ಎಲ್ಲವನ್ನೂ ಮಾರಿಬಿಡುತ್ತೇನೆಂದು ಬಂದು ಹೇಳುತ್ತಾನೆ. ಏಡ್ರಿಯನ್ನನಿಗೆ ಹತ್ಯೆಯ ಸಂಕಲ್ಪವಿರಲಿಲ್ಲ. ಆ ಕ್ಷಣದ ಕೋಪದಲ್ಲಿ ಕೈ ಎತ್ತುತ್ತಾನೆ, ತಮ್ಮನು ಪ್ರಜ್ಞೆತಪ್ಪಿ ಬೀಳುತ್ತಾನೆ. ಕ್ಷಣದ ಕೋಪವು ಪಾಪವಾಗಿ ಬಲಿಯುವುದು ಆಮೇಲೆ: ಪಕ್ಕದ ಕೋಣೆಯಲ್ಲಿ ಅತಿಥಿಗಳು ವೈನ್ ಸವಿಯುತ್ತ ಕುಳಿತಿರುವಾಗಲೇ ಏಡ್ರಿಯನ್ ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತಾನೆ, ಬಿದ್ದವನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಉಸಿರುಗಟ್ಟಿ ಸಾಯಲೆಂದು ಹವಾನಿಯಂತ್ರಣ ಯಂತ್ರವನ್ನು ನಿಲ್ಲಿಸಿ, ನ್ಯೂಯಾರ್ಕಿನ ವೈನ್ ಹರಾಜಿಗೆ ಹೊರಟುಹೋಗುತ್ತಾನೆ. ಮರಳಿ ಬಂದು ಶವಕ್ಕೆ ಮುಳುಗುಗಾರನ ಉಡುಪು ತೊಡಿಸಿ ಸಮುದ್ರಕ್ಕೆ ತಳ್ಳುತ್ತಾನೆ.

ಹರಾಜಿನ ದೃಶ್ಯವೊಂದನ್ನು ಗಮನಿಸಿ. ಏಡ್ರಿಯನ್ ಅಲ್ಲಿ ಒಂದೇ ಒಂದು ಸೀಸೆಗೆ ಐದು ಸಾವಿರ ಡಾಲರು ತೆತ್ತು, ಇಷ್ಟು ಬೆಲೆಯ ವೈನ್ ಯಾರಿಗೂ ಅಗತ್ಯವಿಲ್ಲ, ಅದು ಇನ್ನೊಬ್ಬರ ಕೈ ಸೇರಬಾರದೆಂದು ಕೊಂಡೆ ಎಂಬರ್ಥದ ಮಾತನ್ನಾಡುತ್ತಾನೆ. ಬೇರೆ ನಟರು ಈ ಮಾತನ್ನು ಗರ್ವದ ಮಾತನ್ನಾಗಿ ಆಡಿಬಿಡುತ್ತಿದ್ದರು. ಪ್ಲೆಸೆನ್ಸ್ ಅದನ್ನು ಮೃದುವಾಗಿ, ಕೊಂಚ ನಾಚಿದವರಂತೆ ಆಡುತ್ತಾರೆ. ಊರಿನಲ್ಲಿ ಒಬ್ಬ ಮನುಷ್ಯ ಕತ್ತಲಲ್ಲಿ ಉಸಿರಿಗಾಗಿ ಒದ್ದಾಡುತ್ತಿರುವನೆಂದು ಬಲ್ಲ ನಮಗೆ ಆ ಮೃದುತ್ವದಿಂದಲೇ ಮೈ ನಡುಗುತ್ತದೆ. ಕ್ರೌರ್ಯವನ್ನು ಕೂಗಿ ತೋರಿಸುವುದು ಸುಲಭ. ಸುಸಂಸ್ಕೃತವಾದ ಅಭಿರುಚಿ ಮತ್ತು ಕ್ರೌರ್ಯ ಒಂದೇ ಹೃದಯದಲ್ಲಿ ಅಕ್ಕಪಕ್ಕದಲ್ಲಿ, ಪರಸ್ಪರ ಜಗಳವಿಲ್ಲದೆ ಬಾಳಬಲ್ಲವೆಂಬ ದಾರುಣ ಸತ್ಯವನ್ನು ಸ್ವರವೇರಿಸದೆ ತೋರಿಸುವುದು ಮಹಾನಟರಿಗೆ ಮಾತ್ರ ಸಾಧ್ಯ.

ಕೊಲಂಬೋವಿನ ಅನುಮಾನಕ್ಕೆ ಆಧಾರಗಳು ಸಣ್ಣವು. ಸತ್ತವನು ಎರಡು ದಿನಗಳಿಂದ ಊಟ ಮಾಡಿರಲಿಲ್ಲ. ಸಮುದ್ರದ ದಂಡೆಯಲ್ಲಿ ನಿಂತಿದ್ದ ಅವನ ಕಾರಿನ ಮೇಲೆ ನಡುವೆ ಸುರಿದ ಮಳೆಯ ಗುರುತಿರಲಿಲ್ಲ. ಇವುಗಳಿಂದ ಶಂಕೆ ಹುಟ್ಟುತ್ತದೆಯೇ ಹೊರತು ಪ್ರಮಾಣ ದೊರೆಯುವುದಿಲ್ಲ. ಆಗ ಆ ಪೊಲೀಸನು ವೈನಿನ ವಿಷಯವನ್ನು ಓದತೊಡಗುತ್ತಾನೆ, ವ್ಯಾಪಾರಿಗಳನ್ನು ಕೇಳಿ ಕಲಿಯುತ್ತಾನೆ, ಕಲಿತುದನ್ನು ಏಡ್ರಿಯನ್ನನ ಮುಂದೆ ಶಿಷ್ಯನಂತೆ ಒಪ್ಪಿಸುತ್ತಾನೆ. ಈ ವಿನಯ ಬರಿಯ ತಂತ್ರವಲ್ಲ. ಕಲಿಯುವ ಸಂತೋಷ ಅವನ ಮುಖದಲ್ಲಿ ನಿಜವಾಗಿಯೇ ಮೂಡುತ್ತದೆ. ತನ್ನ ವಿದ್ಯೆಯನ್ನು ಕೇಳುವವರಿಲ್ಲದೆ ಒಂಟಿಯಾಗಿ ಬಾಳಿದ ಏಡ್ರಿಯನ್ನನಿಗೆ, ತನ್ನನ್ನು ಹಿಡಿಯಲು ಬಂದವನಲ್ಲಿಯೇ ತನ್ನ ಮೊತ್ತಮೊದಲ ಯೋಗ್ಯ ವಿದ್ಯಾರ್ಥಿ ದೊರೆತಂತಾಗುತ್ತದೆ. ಪ್ಲೆಸೆನ್ಸ್ ಅವರ ಕಣ್ಣುಗಳಲ್ಲಿ ಆಗ ಭಯ, ತಾತ್ಸಾರ, ವಾತ್ಸಲ್ಯ ಮೂರೂ ಒಂದರ ಹಿಂದೊಂದು ಹಾದುಹೋಗುವುದನ್ನು ನೋಡಬೇಕು.

ಕಂತಿನ ಪ್ರಾಣವಿರುವುದು ಔತಣದ ದೃಶ್ಯದಲ್ಲಿ. ಕೊಲಂಬೋ ಏಡ್ರಿಯನ್ನನನ್ನೂ ಅವನ ಕಾರ್ಯದರ್ಶಿಯನ್ನೂ ಬೆಲೆಯುಳ್ಳ ಹೋಟೆಲೊಂದಕ್ಕೆ ಊಟಕ್ಕೆ ಕರೆಯುತ್ತಾನೆ. ಒಂದೊಂದು ಭಕ್ಷ್ಯಕ್ಕೂ ಒಪ್ಪುವ ವೈನನ್ನು ಅವನು ಆರಿಸುವ ಜಾಣ್ಮೆಯನ್ನು ಕಂಡು ಏಡ್ರಿಯನ್ ಗುರುವಿನಂತೆ ಹಿಗ್ಗುತ್ತಾನೆ. ಕಡೆಗೆ ಬರುವುದು 1945ರ ಪೋರ್ಟ್ ವೈನ್, ಬಹು ಅಪೂರ್ವವಾದುದು. ಏಡ್ರಿಯನ್ ಅದನ್ನು ತುಟಿಗಿಟ್ಟೊಡನೆ ಅವನ ಮುಖ ಬದಲಾಗುತ್ತದೆ. ವೈನ್ ಕೆಟ್ಟಿದೆ, ಅತಿಯಾದ ತಾಪಕ್ಕೆ ಸಿಕ್ಕಿ ಹಾಳಾಗಿದೆ. ಅಲ್ಲಿಯವರೆಗೂ ಪಿಸುದನಿಯಲ್ಲಿ ಮಾತಾಡುತ್ತಿದ್ದ ಆ ಮನುಷ್ಯ, ಬಡಿಸಿದವನ ಮೇಲೂ ಹೋಟೆಲಿನವರ ಮೇಲೂ ಗರ್ಜಿಸುತ್ತಾನೆ. ಇಡೀ ಕಂತಿನಲ್ಲಿ ಪ್ಲೆಸೆನ್ಸ್ ಸ್ವರವನ್ನು ತಗ್ಗಿಸಿಟ್ಟುಕೊಂಡಿದ್ದುದು ಈ ಕ್ಷಣಕ್ಕಾಗಿಯೇ. ತಮ್ಮನ ಸಾವಿಗೆ ಬಾರದಿದ್ದ ಶೋಕ, ಪೊಲೀಸನ ಪ್ರಶ್ನೆಗಳಿಗೆ ಬಾರದಿದ್ದ ಕೋಪ, ಎಲ್ಲವೂ ಕೆಟ್ಟುಹೋದ ಒಂದು ಲೋಟ ವೈನಿಗಾಗಿ ಒಡ್ಡು ಒಡೆದು ನುಗ್ಗುತ್ತವೆ. ನೋಡುವವನಿಗೆ ಅವನ ಮೇಲೆ ಹೇವರಿಕೆಯಾಗಬೇಕು, ಕರುಣೆಯೇ ಉಕ್ಕುತ್ತದೆ. ಮನುಷ್ಯನಲ್ಲಿಡಬೇಕಾಗಿದ್ದ ಪ್ರೀತಿಯನ್ನೆಲ್ಲ ಸೀಸೆಗಳಲ್ಲಿ ತುಂಬಿಟ್ಟವನ ದಾರಿದ್ರ್ಯ ಆ ಗರ್ಜನೆಯಲ್ಲಿ ಕೇಳಿಸುತ್ತದೆ.

ಆ ವೈನ್ ಹೋಟೆಲಿನದಲ್ಲ. ಏಡ್ರಿಯನ್ನನ ನೆಲಮಾಳಿಗೆಯಿಂದಲೇ ಕೊಲಂಬೋ ಎತ್ತಿಕೊಂಡು ಬಂದದ್ದು. ಹವಾನಿಯಂತ್ರಣ ನಿಂತಿದ್ದ ದಿನಗಳಲ್ಲಿ ಊರಿಗೆ ಅಸಾಧಾರಣವಾದ ಸೆಕೆ ಬಂದು, ಅಲ್ಲಿಯ ಸಮಸ್ತ ಸಂಗ್ರಹವೂ ಕೆಟ್ಟುಹೋಗಿದೆ. ಅದನ್ನು ನಾಲಗೆಯಿಂದ ಕಂಡುಹಿಡಿಯಬಲ್ಲವರು ಲೋಕದಲ್ಲಿ ಬಲು ಕೆಲವರು. ಅವರಲ್ಲಿ ಒಬ್ಬನು ಕೊಲೆಗಾರನೇ. ಅವನು ಅಷ್ಟು ದೊಡ್ಡ ರಸಜ್ಞನಾಗದಿದ್ದರೆ ಪ್ರಮಾಣವೇ ಇರುತ್ತಿರಲಿಲ್ಲ. ದೋಷದಿಂದ ಸಿಕ್ಕಿಬೀಳುವ ಅಪರಾಧಿಗಳನ್ನು ಎಷ್ಟೋ ಕಥೆಗಳಲ್ಲಿ ಕಂಡಿದ್ದೇವೆ. ಇವನು ಸಿಕ್ಕಿಬೀಳುವುದು ತನ್ನ ಬದುಕಿನ ಏಕೈಕ ಉತ್ಕರ್ಷದಿಂದ.

ಕನ್ನಡ ಕಾವ್ಯವನ್ನು ಓದಿ ಬೆಳೆದವರಿಗೆ ಇಂಥ ಪ್ರತಿನಾಯಕನ ಪರಿಚಯ ಹೊಸದಲ್ಲ. ರನ್ನನು ಗದಾಯುದ್ಧದಲ್ಲಿ ಭೀಮನ ಪಕ್ಷವನ್ನೇ ವಹಿಸಿದ್ದರೂ, ತೊಡೆಮುರಿದು ಬೀಳಲಿರುವ ದುರ್ಯೋಧನನಿಗೆ ಸಲ್ಲಿಸಿದ ಗೌರವದಲ್ಲಿ ಎಳ್ಳಷ್ಟೂ ಕೊರತೆ ಮಾಡಲಿಲ್ಲ, ಬಿ.ಎಂ.ಶ್ರೀ. ಅವರು ಆ ಕಾವ್ಯವನ್ನು ನಾಟಕವಾಗಿ ಅಳವಡಿಸಿದಾಗ ದುರಂತನಾಯಕನ ಆ ಘನತೆಯನ್ನು ಹೊಸಗಾಲದವರ ಕಣ್ಣಿಗೆ ಎತ್ತಿ ತೋರಿಸಿದರು. ಛಲವೇ ದುರ್ಯೋಧನನ ಗುಣ, ಛಲವೇ ಅವನ ಮೃತ್ಯು. ಏಡ್ರಿಯನ್ ಕಾರ್ಸಿನಿ ಕುರುಕುಲಚಕ್ರವರ್ತಿಯ ಎತ್ತರದವನೆಂದು ನಾನು ಹೇಳುತ್ತಿಲ್ಲ; ಆದರೆ ಪಾಪಿಯನ್ನು ದಂಡಿಸುವಾಗಲೂ ಅವನ ಮನುಷ್ಯತ್ವವನ್ನು ಅಪಹರಿಸಬಾರದೆಂಬ ಕಾವ್ಯಧರ್ಮವೊಂದು ಇದೆಯಷ್ಟೆ, ಆ ಧರ್ಮವನ್ನು ಜನಪ್ರಿಯ ಮನೋರಂಜನೆಯೆಂದು ಹೆಸರಾದ ಈ ಮಾಲಿಕೆ ಪಾಲಿಸಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಕಾರ್ಯದರ್ಶಿ ಕೆರನ್ ಫೀಲ್ಡಿಂಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಆ ಪಾತ್ರವನ್ನು ವಹಿಸಿದ ಜೂಲಿ ಹ್ಯಾರಿಸ್, ನಾಟಕರಂಗದ ಟೋನಿ ಪ್ರಶಸ್ತಿಯನ್ನು ಶ್ರೇಷ್ಠ ನಟಿಯಾಗಿ ಐದು ಬಾರಿ ಗೆದ್ದ ಹಿರಿಯ ಕಲಾವಿದೆ. ವರ್ಷಗಟ್ಟಲೆ ಯಜಮಾನನನ್ನು ಮೌನವಾಗಿ ಪ್ರೀತಿಸಿದ ಈ ಹೆಂಗಸು ಅವನಿಗಾಗಿ ಪೊಲೀಸರೆದುರು ಸುಳ್ಳಾಡುತ್ತಾಳೆ. ಬಳಿಕ ಆ ಸುಳ್ಳಿನ ಋಣಕ್ಕೆ ಪ್ರತಿಯಾಗಿ ಮದುವೆಯನ್ನು ನಿರೀಕ್ಷಿಸುತ್ತಾಳೆ. ಆಗ ಪ್ಲೆಸೆನ್ಸ್ ಅವರ ಮುಖದಲ್ಲಿ ಸುಳಿಯುವ ಭೀತಿ, ಸೆರೆಮನೆಯ ಭೀತಿಗಿಂತ ದೊಡ್ಡದು. ಒಂದು ಹಿಡಿಯಷ್ಟು ದೃಶ್ಯಗಳಲ್ಲಿ ಇಬ್ಬರು ಅತಿಥಿಗಳು ಒಂದು ಸಂಸಾರದ, ಎಂದಿಗೂ ಸಂಸಾರವಾಗಲಾರದ ಒಂದು ಸಂಬಂಧದ ಚರಿತ್ರೆಯನ್ನು ಬರೆದುಬಿಡುತ್ತಾರೆ.

ಇಷ್ಟೆಲ್ಲವನ್ನೂ ಹೇಳುವುದಕ್ಕೆ ನನಗೊಂದು ಕಾರಣವಿದೆ. ನಮ್ಮ ಕನ್ನಡ ವಾಹಿನಿಗಳಲ್ಲಿ ಪ್ರತಿನಿತ್ಯ ಸಂಜೆಯಿಂದ ರಾತ್ರಿಯವರೆಗೆ ಪ್ರಸಾರವಾಗುವ ಧಾರಾವಾಹಿಗಳು ಕಥೆಯನ್ನು ಮುಗಿಸದಿರುವುದನ್ನೇ ವ್ರತವನ್ನಾಗಿ ಹಿಡಿದಿವೆ. ಅವುಗಳಲ್ಲಿ ಪ್ರತಿಭಾವಂತರಾದ ನಟನಟಿಯರು ಬಹಳ ಮಂದಿ ದುಡಿಯುತ್ತಿದ್ದಾರೆ. ಆದರೆ ಅಂತ್ಯವಿಲ್ಲದ ಪಾತ್ರಕ್ಕೆ ಆಕಾರವಿರಲಾರದು. ಇಂದು ತೋರಿದ ದುಃಖವನ್ನು ನಾಳೆಯೂ, ನಾಳಿದ್ದೂ, ಮುಂದಿನ ಮಾಸದಲ್ಲಿಯೂ ತೋರಬೇಕಾದವರು ಅದನ್ನು ಸಂಪೂರ್ಣವಾಗಿ ವ್ಯಯಮಾಡಲು ಹೇಗೆ ಧೈರ್ಯಮಾಡಿಯಾರು? ಒಂದೇ ಸಂಜೆಗೆಂದು ಬಂದ ಅತಿಥಿ ನಟನಿಗೆ ಅಂಥ ಲೋಭದ ಅವಶ್ಯಕತೆಯಿಲ್ಲ. ನಮ್ಮವರಿಗೆ ಇದು ತಿಳಿಯದ್ದೇನಲ್ಲ. ಆಗುಂಬೆಯಲ್ಲಿ ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಕಥೆಗಳನ್ನು ಚಿತ್ರಿಸಿದಾಗ, ಕನ್ನಡ ಚಿತ್ರರಂಗದ ಅಗ್ರಗಣ್ಯ ನಾಯಕನಟರಾಗಿದ್ದ ವಿಷ್ಣುವರ್ಧನ್ ಅವರು ‘ತಿಂಗಳಿಗೆ ನಲವತ್ತೈದು ರೂಪಾಯಿ’ ಎಂಬ ಕಥೆಯಲ್ಲಿ, ಮಗಳನ್ನು ಚಲನಚಿತ್ರಕ್ಕೆ ಕರೆದೊಯ್ಯಲು ಬಿಡುವು ದೊರೆಯದೆ ಕುಗ್ಗಿಹೋದ ಗುಮಾಸ್ತ ವೆಂಕಟರಾಯನಾಗಿ ಬಂದರು. ಪತ್ತೇದಾರಿಯ ಗಂಧವೂ ಇಲ್ಲದ ಕಥೆ ಅದು. ಆದರೂ ಒಂದೇ ಕಂತಿನ ಪಾತ್ರ ಹೇಗೆ ಪೂರ್ಣವಾಗಬಲ್ಲದೆಂಬುದಕ್ಕೆ ನಮ್ಮ ನೆಲದಲ್ಲಿಯೇ ಇರುವ ಉತ್ತಮ ನಿದರ್ಶನ. ಸ್ವಯಂಪೂರ್ಣವಾದ ಕಥೆಗಳ ಮಾಲಿಕೆಗಳನ್ನು, ವಿಶೇಷವಾಗಿ ಪತ್ತೇದಾರಿ ಮಾಲಿಕೆಗಳನ್ನು, ನಮ್ಮ ವಾಹಿನಿಗಳು ಮತ್ತೆ ಕೈಗೆತ್ತಿಕೊಳ್ಳಬೇಕು. ನಮ್ಮ ರಂಗಭೂಮಿಯ ಹಿರಿಯರನ್ನು ಅವುಗಳಿಗೆ ಒಬ್ಬೊಬ್ಬರನ್ನಾಗಿ ಕರೆಯಬೇಕು. ನೀನಾಸಂ, ರಂಗಾಯಣಗಳಲ್ಲಿ ನುರಿತು ಬಂದ ಎಷ್ಟೋ ಕಲಾವಿದರು ಧಾರಾವಾಹಿಯ ಮಾವನಾಗಿಯೋ ಅತ್ತೆಯಾಗಿಯೋ ವರ್ಷಗಳನ್ನು ಸವೆಸುತ್ತಿರುವುದನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ.

ಅಂಥ ಮಾಲಿಕೆ ಬಂದ ಪಕ್ಷದಲ್ಲಿ ಅದರ ನಾಯಕನಟರು ಪೀಟರ್ ಫಾಕ್ ಅವರಿಂದ ಕಲಿಯಬೇಕಾದುದು ಒಂದಿದೆ. ಔತಣದ ಬಳಿಕ ಏಡ್ರಿಯನ್ ತನ್ನ ಹಾಳಾದ ಸಂಗ್ರಹವನ್ನು ಬಂಡೆಯ ಮೇಲೆ ನಿಂತು ಸೀಸೆ ಸೀಸೆಯಾಗಿ ಸಮುದ್ರಕ್ಕೆ ಎಸೆಯುತ್ತಿರುತ್ತಾನೆ. ಕೊಲಂಬೋ ಅಲ್ಲಿಗೆ ಬರುತ್ತಾನೆ. ಗೆದ್ದವನ ಬೀಗು ಅವನಲ್ಲಿಲ್ಲ. ಫಾಕ್ ಆ ದೃಶ್ಯದಲ್ಲಿ ಮಾತನ್ನು ತಗ್ಗಿಸಿ, ದೃಷ್ಟಿಯನ್ನು ತಗ್ಗಿಸಿ, ಬೆಳಕೆಲ್ಲವನ್ನೂ ಅತಿಥಿಗೆ ಬಿಟ್ಟುಕೊಡುತ್ತಾರೆ. ಸೆರೆಮನೆಗೆ ಕರೆದೊಯ್ಯುವ ದಾರಿಯಲ್ಲಿ ತನ್ನ ಹಳೆಯ ಕಾರನ್ನು ನಿಲ್ಲಿಸಿ, ಕೊಲಂಬೋ ಮೊಂತೆಫಿಯಾಸ್ಕೋನೆ ಎಂಬ ಇಟಲಿಯ ಸಿಹಿವೈನಿನ ಸೀಸೆಯೊಂದನ್ನು ತೆಗೆಯುತ್ತಾನೆ. ಊಟದ ಕಡೆಯಲ್ಲಿ ಕುಡಿಯತಕ್ಕ ಆ ವೈನಿನ ಆಯ್ಕೆ ಆ ಸಂದರ್ಭಕ್ಕೆ ಎಷ್ಟು ಉಚಿತವೆಂಬುದನ್ನು ಇಬ್ಬರೂ ಬಲ್ಲರು. ಶಿಷ್ಯನು ಚೆನ್ನಾಗಿ ಕಲಿತನೆಂದು ಏಡ್ರಿಯನ್ ಮೆಚ್ಚಿಕೊಂಡಾಗ, ಪೊಲೀಸನು ಅದನ್ನು ತನ್ನ ವೃತ್ತಿಯಲ್ಲಿ ದೊರೆತ ದೊಡ್ಡ ಪ್ರಶಂಸೆಯೆಂಬಂತೆ ಸ್ವೀಕರಿಸುತ್ತಾನೆ. ಮಾಲಿಕೆಯ ಒಡೆಯನೆನ್ನಬಹುದಾದ ನಾಯಕನಟರು, ಒಂದು ಕಂತಿಗೆಂದು ಬಂದ ಸಹನಟರಿಗೆ ಹೀಗೆ ಕಥೆಯ ಶಿಖರವನ್ನೇ ಒಪ್ಪಿಸಿ ತಾವು ಪಕ್ಕಕ್ಕೆ ಸರಿಯುವ ಔದಾರ್ಯ ತೋರದಿದ್ದರೆ ಪ್ಲೆಸೆನ್ಸ್ ಅವರ ಪ್ರತಿಭೆ ಎಷ್ಟೇ ಇದ್ದರೂ ಈ ಪಾತ್ರ ಈ ಎತ್ತರಕ್ಕೇರುತ್ತಿರಲಿಲ್ಲ. 1995ರಲ್ಲಿ ತೀರಿಕೊಂಡ ಪ್ಲೆಸೆನ್ಸ್ ಅವರನ್ನು ಬೆಕ್ಕಿನ ಖಳನಾಗಿಯೋ, 1978ರಲ್ಲಿ ಮೊದಲಾದ ‘ಹ್ಯಾಲೋವೀನ್’ ಭಯಚಿತ್ರಗಳ ವೈದ್ಯನಾಗಿಯೋ ಮಾತ್ರ ಬಲ್ಲವರು ಈ ಒಂದು ಕಂತನ್ನು ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನೋಡುವಾಗ ಅವರೊಬ್ಬರನ್ನೇ ಅಲ್ಲ, ಅವರು ಮಾತಾಡುವಾಗ ಎದುರು ಕುಳಿತು ಕೇಳುವ ಫಾಕ್ ಅವರನ್ನೂ ಗಮನಿಸಬೇಕು.